ಕೆಳಗೆ ಅಂಗಡಿ, ಮೇಲೆ ಮನೆ: ಬೆಂಕಿಯಿಂದ ಕಟ್ಟಡ ಕಾಯುವ ಬಗೆ



ನಮ್ಮ ನಾರಾಯಣಪೇಟೆಯ ಹಳೆಯ ಬಜಾರು, ಮಕ್ತಲ್‌ನ ಪೇಟೆ, ಗದ್ವಾಲದ ಕೋಟೆಯ ಸುತ್ತಲಿನ ಓಣಿಗಳು, ಎಲ್ಲಿ ನೋಡಿದರೂ ವ್ಯಾಪಾರಸ್ಥರ ಕಟ್ಟಡದ ರೀತಿ ಒಂದೇ. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಗೋದಾಮು, ಮೇಲೆ ಮಾಳಿಗೆಯಲ್ಲಿ ಸಂಸಾರ. ಹಿರಿಯರು ವಿಚಾರ ಮಾಡಿಯೇ ಹೀಗೆ ಕಟ್ಟಿದ್ದಾರೆ. ಬಾಡಿಗೆ ಉಳಿಯುತ್ತದೆ, ಮಾಲಿನ ಮೇಲೆ ಕಣ್ಣಿರುತ್ತದೆ, ಮಧ್ಯಾಹ್ನ ಮನೆಯ ಊಟ ಸಿಗುತ್ತದೆ, ಸೂರ್ಯಾಸ್ತದ ಮೊದಲು ಊಟ ಮುಗಿಸಲು ದೂರ ಹೋಗಬೇಕಿಲ್ಲ. ಆದರೆ ಈ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆ ಇದೆ. ಕೆಳಗೆ ಬೆಂಕಿ ಬಿದ್ದರೆ ಮೇಲಿನವರಿಗೆ ದಾರಿ ಯಾವುದು? ಈ ತಿಂಗಳು ಆ ಪ್ರಶ್ನೆಯನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

2025ರ ಮೇ 18, ಭಾನುವಾರ. ಹೈದರಾಬಾದಿನ ಚಾರ್‌ಮಿನಾರ್ ಸಮೀಪದ ಗುಲ್ಜಾರ್ ಹೌಜ್‌ನಲ್ಲಿ ಬೆಳಗಿನ ಹೊತ್ತು ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಕೆಳಗೆ ಮುತ್ತು ಮತ್ತು ಆಭರಣಗಳ ಅಂಗಡಿ, ಮೇಲೆ ವ್ಯಾಪಾರಿ ಕುಟುಂಬದ ಮನೆ. ನಮ್ಮ ಹಾಗೆಯೇ. ಬೇಸಿಗೆ ರಜೆಯಾದ್ದರಿಂದ ನೆಂಟರಿಷ್ಟರೂ ಮನೆಯಲ್ಲಿ ಸೇರಿದ್ದರು. ಒಳಗೆ ಹೋಗಲು ಸುರಂಗದಂತಹ ಕಿರಿದಾದ ಪ್ರವೇಶ, ಮೇಲಕ್ಕೆ ಹೋಗಲು ಸುಮಾರು ಒಂದು ಮೀಟರ್ ಅಗಲದ ಮೆಟ್ಟಿಲು. 17 ಜನ ತೀರಿಕೊಂಡರು. ಅವರಲ್ಲಿ 8 ಮಂದಿ ಮಕ್ಕಳು. ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ.

ಇದೊಂದೇ ಅಲ್ಲ. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಗೆ ಬೆಂಕಿ ಹತ್ತಿತು. ಮೇಲಿನ ಹೋಟೆಲಿನಲ್ಲಿ ಇಳಿದುಕೊಂಡಿದ್ದ ಪರಸ್ಥಳದವರಲ್ಲಿ 8 ಜನ ಜೀವ ಕಳೆದುಕೊಂಡರು. 2023ರ ನವೆಂಬರ್ 13ರಂದು ನಾಂಪಲ್ಲಿಯ ಬಜಾರ್‌ಘಾಟ್‌ನಲ್ಲಿ ನೆಲಮಹಡಿಯಲ್ಲಿ ಇಟ್ಟಿದ್ದ ರಾಸಾಯನಿಕ ಡ್ರಮ್‌ಗಳು ಹೊತ್ತಿ, ಮೇಲೆ ವಾಸವಿದ್ದ ಕನಿಷ್ಠ 9 ಜನ ತೀರಿಕೊಂಡರು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ವಿದ್ಯುತ್ ತಂತಿಗಳು ಹಾಯುವ ಕೊಳವೆ ಮಾರ್ಗದಿಂದ ಹೊಗೆ ಮೇಲಂತಸ್ತುಗಳಿಗೆ ತುಂಬಿಕೊಂಡಿತು. ಹೊರಹೋಗುವ ಬಾಗಿಲುಗಳಿಗೆ ಬೀಗ. ಕೆಲವರು ಕಿಟಕಿಯಿಂದ ಹಾರಿದರು. ಅಲ್ಲಿಯೂ 9 ಸಾವು. ಊರು ಬೇರೆ, ಕಟ್ಟಡ ಬೇರೆ. ಆದರೆ ಬೆಂಕಿ ಹುಟ್ಟಿದ್ದು ಒಂದು ಕಡೆ, ಉಸಿರು ಕಟ್ಟಿದ್ದು ಇನ್ನೊಂದು ಕಡೆ ಎಂಬುದು ಎಲ್ಲದರಲ್ಲಿಯೂ ಒಂದೇ.

ಬೆಂಕಿಯ ಸ್ವಭಾವ

ಬೆಂಕಿಗೆ ಮೂರು ವಸ್ತು ಬೇಕು: ಉರಿಯುವ ಪದಾರ್ಥ, ಗಾಳಿ ಮತ್ತು ಕಾವು. ಈ ಮೂರರಲ್ಲಿ ಒಂದನ್ನು ಕಿತ್ತುಕೊಂಡರೆ ಬೆಂಕಿ ಆರುತ್ತದೆ. ನೀರು ಕಾವನ್ನು ತೆಗೆಯುತ್ತದೆ. ಬಾಣಲೆಯ ಮೇಲೆ ಮುಚ್ಚಿದ ತಟ್ಟೆ ಗಾಳಿಯನ್ನು ತಡೆಯುತ್ತದೆ. ಪಕ್ಕದ ಗಂಟುಗಳನ್ನು ಎಳೆದು ದೂರ ಹಾಕಿದರೆ ಉರಿಯುವ ಪದಾರ್ಥ ತಪ್ಪುತ್ತದೆ. ಅಗ್ನಿಶಾಮಕ ಸಾಧನ ಎಷ್ಟೇ ದುಬಾರಿಯಾಗಿರಲಿ, ಮಾಡುವ ಕೆಲಸ ಹೆಚ್ಚುಕಡಿಮೆ ಇದೇ.

ಹೊಗೆಯ ಸ್ವಭಾವ ಬೇರೆ. ಬಿಸಿ ಹೊಗೆ ಮೇಲಕ್ಕೇ ಏರುತ್ತದೆ. ಕೆಳಗಿನ ಅಂಗಡಿಯಿಂದ ಮೇಲಿನ ಮನೆಗೆ ಒಳಗಿನಿಂದಲೇ ಮೆಟ್ಟಿಲಿದ್ದರೆ ಅದೇ ಹೊಗೆಗೆ ಚಿಮಣಿ. ನಾವು ಇಳಿಯಬೇಕಾದ ದಾರಿಯಲ್ಲಿಯೇ ಅದು ಹತ್ತಿ ಬರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವರು ಎಚ್ಚರವಾಗದೆಯೇ ಹೋಗಿಬಿಡಬಹುದು. ಇಂದು ಅಂಗಡಿಗಳಲ್ಲಿ ಪಾಲಿಯೆಸ್ಟರ್ ಬಟ್ಟೆ, ಪ್ಲಾಸ್ಟಿಕ್ ಕವರು, ಫೋಮು, ಬಣ್ಣ ಹಚ್ಚಿದ ಪ್ಲೈವುಡ್ ಹೆಚ್ಚಾಗಿವೆ. ಇವು ಉರಿದರೆ ಬರುವ ಹೊಗೆ ಕಪ್ಪು ಮತ್ತು ಕಟು.

ಆದ್ದರಿಂದ ಕಟ್ಟಡವನ್ನು ಕಾಯುವುದೆಂದರೆ ಮೂರು ಕೆಲಸ. ಒಂದು, ಬೇಗ ಎಚ್ಚರಿಸುವುದು. ಎರಡು, ಬೆಂಕಿಯನ್ನು ಚಿಕ್ಕದಾಗಿಯೇ ಹಿಡಿದಿಡುವುದು. ಮೂರು, ಹೊರಬರುವ ದಾರಿ ತೆರೆದಿಡುವುದು. ಅನೇಕರು ಎರಡನೆಯದಕ್ಕೆ ಮಾತ್ರ ಹಣ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಸಾಧನವು ನಮಗೆ ಕೊಡುವುದು ಕೆಲವು ನಿಮಿಷಗಳನ್ನು ಮಾತ್ರ. ದಾರಿ ಮುಚ್ಚಿದ್ದರೆ ಆ ನಿಮಿಷಗಳನ್ನು ತೆಗೆದುಕೊಂಡು ಏನು ಮಾಡುವುದು?

ತಲೆಯ ಮೇಲಿನ ನೀರು

ದೊಡ್ಡ ಮಳಿಗೆ, ಆಸ್ಪತ್ರೆಗಳಲ್ಲಿ ಛಾವಣಿಯಿಂದ ಇಳಿಬಿದ್ದ ಚಿಕ್ಕ ಚಿಕ್ಕ ನಳಿಕೆಗಳನ್ನು ತಾವು ನೋಡಿರಬಹುದು. ಅದೇ ಸ್ಪ್ರಿಂಕ್ಲರ್. ಹಿಂದಿನ ಪೈಪಿನಲ್ಲಿ ನೀರು ಒತ್ತಡದಲ್ಲಿ ನಿಂತಿರುತ್ತದೆ. ನಳಿಕೆಯ ಬಾಯಿಯನ್ನು ಒಂದು ಪುಟ್ಟ ಗಾಜಿನ ಕೊಳವೆ ಒತ್ತಿ ಹಿಡಿದಿರುತ್ತದೆ. ಅದರೊಳಗೆ ಬಣ್ಣದ ದ್ರವ. ಕೆಂಪು ಬಣ್ಣದ್ದಾದರೆ ಸುಮಾರು 68 ಡಿಗ್ರಿ ಸೆಲ್ಸಿಯಸ್ ಕಾವಿಗೆ ದ್ರವ ಉಬ್ಬಿ ಗಾಜು ಒಡೆಯುತ್ತದೆ, ನೀರು ಸುರಿಯುತ್ತದೆ. ಮನುಷ್ಯ ಬೇಕಿಲ್ಲ, ಕರೆಂಟಿನ ಸೂಚನೆಯೂ ಬೇಕಿಲ್ಲ.

ಈ ಮಾತನ್ನು ಗದ್ವಾಲದಲ್ಲಿ ಪರಿಚಯದ ಜವಳಿ ವ್ಯಾಪಾರಿಯೊಬ್ಬರ ಗಾದಿಯ ಮೇಲೆ ಕುಳಿತು ತೆಗೆದಾಗ ಅವರು ನಕ್ಕರು. "ಸಾವ್ಕಾರ್ರೇ, ಬೆಂಕಿ ಬೀಳೂದು ಎಂದೋ ಒಂದಿನ. ಈ ನೀರಿನ ಪೈಪ್ ತಲಿ ಮ್ಯಾಲೆ ಹಾಕ್ಕೊಂಡು ಕುಂತ್ರ, ಒಂದು ಕಡೆ ಒಡದ್ರ ಅಂಗಡಿ ಪೂರಾ ತೊಯ್ತದ. ರೇಷ್ಮಿ ಸೀರಿ ಹಾಳಾದ್ರ ಯಾರು ಕೊಡ್ತಾರ್ರೀ?" ಎಂದರು.

ಅವರ ಪ್ರಶ್ನೆ ಸಣ್ಣದಲ್ಲ. ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಹತ್ತಿ ಗಿರಣಿಗಳಲ್ಲಿದ್ದ ಅಡಚಣೆಯೂ ಇದೇ. ನ್ಯೂ ಇಂಗ್ಲೆಂಡ್ ಪ್ರಾಂತದ ಗಿರಣಿಗಳಲ್ಲಿ ಛಾವಣಿಗೆ ತೂತು ಕೊರೆದ ಪೈಪುಗಳನ್ನು ಹಾಕಿದ್ದರು. ಬೆಂಕಿ ಎಂದೊಡನೆ ಒಬ್ಬರು ಓಡಿ ತಿರುಗುಣಿ ತೆರೆಯಬೇಕು. ತೆರೆದರೆ ಎಲ್ಲ ತೂತುಗಳಿಂದಲೂ ನೀರು. ಬೆಂಕಿ ಒಂದು ಮೂಲೆಯಲ್ಲಿ, ತೊಯ್ದ ಹತ್ತಿ ಇಡೀ ಗಿರಣಿಯಲ್ಲಿ. 1874ರಲ್ಲಿ ನ್ಯೂ ಹೇವನ್ ನಗರದ ಪಿಯಾನೊ ತಯಾರಕ ಹೆನ್ರಿ ಪಾರ್ಮೆಲಿ ಎಂಬುವರು ಕಾವಿಗೆ ತಾನಾಗಿಯೇ ತೆರೆಯುವ ನಳಿಕೆಯನ್ನು ತಂದರು. ಫ್ರೆಡ್ರಿಕ್ ಗ್ರಿನೆಲ್ ಎಂಬುವರು ಅದನ್ನು ಸುಧಾರಿಸಿದರು. ಅಂದಿನಿಂದ ಯಾವ ನಳಿಕೆಗೆ ಕಾವು ತಾಗುತ್ತದೆಯೋ ಅದು ಮಾತ್ರ ತೆರೆಯುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಎಲ್ಲವೂ ಒಮ್ಮೆಲೆ ಸುರಿಯುವುದಿಲ್ಲ.

ಈಗ ಲೆಕ್ಕ ನೋಡೋಣ. ಸಾಮಾನ್ಯ ನಳಿಕೆಯೊಂದು ನಿಮಿಷಕ್ಕೆ 60ರಿಂದ 80 ಲೀಟರ್ ಆಸುಪಾಸು ನೀರು ಬಿಡುತ್ತದೆ, ಅದೂ ಬೆಂಕಿ ಚಿಕ್ಕದಿರುವಾಗಲೇ, ಅದೇ ಜಾಗದ ಮೇಲೆ. ಅದಿಲ್ಲದಿದ್ದರೆ ಬೆಂಕಿ ಬೆಳೆದ ಮೇಲೆ ಅಗ್ನಿಶಾಮಕ ದಳ ಬಂದು ನಿಮಿಷಕ್ಕೆ ನೂರಾರು ಲೀಟರ್ ಬಿಡುವ ಕೊಳವೆಯಿಂದ ನೀರು ಹೊಡೆಯಬೇಕು. ಆಗ ಸುಡದೆ ಉಳಿದ ಸೀರೆಯೂ ತೊಯ್ಯುತ್ತದೆ. ಒಂದು ಕಪಾಟಿನ ನಷ್ಟ ಬೇಕೋ, ಅಂಗಡಿಯ ನಷ್ಟ ಬೇಕೋ ಎಂಬುದು ವ್ಯಾಪಾರಸ್ಥನಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಆದರೆ ಸ್ಪ್ರಿಂಕ್ಲರ್ ಹಾಕಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ನಳಿಕೆಯ ಕೆಳಗೆ ಒಂದೂವರೆ ಅಡಿಯಾದರೂ ಬಯಲು ಬೇಕು. ನಮ್ಮಲ್ಲಿ ಹಬ್ಬದ ಸೀಜನ್ ಬಂದರೆ ಮಾಲನ್ನು ಛಾವಣಿ ಮುಟ್ಟುವಂತೆ ಒಟ್ಟುತ್ತೇವೆ. ಹಾಗಾದರೆ ನೀರು ಹರಡುವುದಿಲ್ಲ. ಇನ್ನು ನೀರಿನ ಟ್ಯಾಂಕು. ನಮ್ಮ ಸೀಮೆಯಲ್ಲಿ ಬೇಸಿಗೆ ಬಂದರೆ ಟ್ಯಾಂಕಿನ ತಳ ಕಾಣುತ್ತದೆ. ತಿಳಿದವರು ಒಂದೇ ಟ್ಯಾಂಕಿನಲ್ಲಿ ಮನೆಬಳಕೆಯ ಪೈಪನ್ನು ಮೇಲೆ, ಬೆಂಕಿಯ ಪೈಪನ್ನು ತಳದಲ್ಲಿ ಕೂಡಿಸುತ್ತಾರೆ. ಆಗ ಎಷ್ಟು ಬಳಸಿದರೂ ಬೆಂಕಿಯ ಪಾಲಿನ ನೀರು ತಳದಲ್ಲಿ ಉಳಿಯುತ್ತದೆ. ಪಂಪಿಗೆ ಪ್ರತ್ಯೇಕ ಲೈನ್ ಬೇಕು. ಬೆಂಕಿ ಬಿದ್ದಾಗ ಮೊದಲು ಮಾಡುವುದೇ ಮೇನ್ ಸ್ವಿಚ್ ತೆಗೆಯುವುದು. ಅದರೊಂದಿಗೆ ಪಂಪೂ ನಿಂತರೆ ಪ್ರಯೋಜನವೇನು? ದೊಡ್ಡ ಕಟ್ಟಡಗಳಲ್ಲಿ ಡೀಸೆಲ್ ಪಂಪನ್ನೂ ಇಡುವುದು ಇದಕ್ಕಾಗಿಯೇ. ಸೋರುತ್ತದೆ ಎಂದು ಮುಚ್ಚಿದ ವಾಲ್ವನ್ನು ಮತ್ತೆ ತೆರೆದಿದ್ದೇವೆಯೇ ಎಂದು ಕೂಡ ನೋಡಬೇಕು.

ಚಿಕ್ಕ ಅಂಗಡಿಗೆ ಏನು?

ಹತ್ತು ಹದಿನೈದು ಅಡಿ ಅಗಲದ ಅಂಗಡಿಗೆ ಇಷ್ಟೆಲ್ಲ ಸಾಧ್ಯವಿಲ್ಲ ಎಂದು ತಾವು ಹೇಳುವಿರಿ. ನಿಜ. ಅಂಥವರಿಗೆ ಗೋಡೆಗೆ ತೂಗುಹಾಕುವ ಕೆಂಪು ಸಿಲಿಂಡರ್ ಇದೆ. ಎಬಿಸಿ ಪುಡಿಯ ಸಿಲಿಂಡರ್ ಬಟ್ಟೆ, ಕಾಗದ, ಕಟ್ಟಿಗೆ, ಎಣ್ಣೆ, ಪೆಟ್ರೋಲು, ಗ್ಯಾಸು ಇವೆಲ್ಲಕ್ಕೂ ಆಗುತ್ತದೆ. ವಿದ್ಯುತ್ ಇದ್ದ ಕಡೆಯೂ ಬಳಸಬಹುದು. ಕಂಪ್ಯೂಟರ್, ವಿದ್ಯುತ್ ಬೋರ್ಡುಗಳಿಗೆ ಪುಡಿಯ ಕೊಳೆ ಬೇಡವೆಂದರೆ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಒಳ್ಳೆಯದು. ಅದು ಗಾಳಿಯನ್ನು ಸರಿಸಿ ಬೆಂಕಿ ಆರಿಸುತ್ತದೆ. ಆದ್ದರಿಂದ ಕಿರಿದಾದ ಮುಚ್ಚಿದ ಕೋಣೆಯಲ್ಲಿ ಬಳಸಿದ ಮೇಲೆ ಅಲ್ಲಿ ನಿಲ್ಲಬಾರದು, ನಮ್ಮ ಉಸಿರಿಗೂ ಗಾಳಿ ಸಾಲದು. ಛಾವಣಿಗೆ ತೂಗುಹಾಕುವ ಪುಡಿಯ ಸಿಲಿಂಡರೂ ಸಿಗುತ್ತದೆ. ಸ್ಪ್ರಿಂಕ್ಲರಿನಂತೆಯೇ ಗಾಜು ಒಡೆದು ತಾನೇ ಸುರಿಯುತ್ತದೆ. ರಾತ್ರಿ ಶಟರ್ ಹಾಕಿ ಹೋಗುವ ಗೋದಾಮಿಗೆ, ವಿದ್ಯುತ್ ಮೀಟರ್ ಇರುವ ಮೂಲೆಗೆ ಇದು ಯೋಗ್ಯ. ಗೋಡೆಯ ಸಿಲಿಂಡರಿನ ಬೆಲೆ ಒಂದು ಒಳ್ಳೆಯ ಗದ್ವಾಲ ರೇಷ್ಮೆ ಸೀರೆಯ ಬೆಲೆಗಿಂತ ಕಡಿಮೆ.

ಕೊಂಡು ತಂದ ಮೇಲಿನ ಸ್ಥಿತಿ ನೋಡಿದರೆ ಮಾತ್ರ ವ್ಯಥೆಯಾಗುತ್ತದೆ. ಒಂದು ದೊಡ್ಡ ಅಂಗಡಿಯಲ್ಲಿ ಸಿಲಿಂಡರನ್ನು ಸೀರೆ ಉಡಿಸಿದ ಗೊಂಬೆಯ ಹಿಂದೆ ಇಟ್ಟಿದ್ದರು, ನೋಡಲು ಚೆಂದ ಕಾಣುವುದಿಲ್ಲವಂತೆ. ಅದರ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಬಂದಿತ್ತು. ಕೆಲಸದ ಹುಡುಗನನ್ನು ಕೇಳಿದರೆ, "ಅದ್ನ ಮುಟ್ಟಬ್ಯಾಡ ಅಂದಾರ್ರೀ" ಎಂದ. ಮುಟ್ಟಬಾರದ ಸಾಧನ ಕಷ್ಟಕಾಲಕ್ಕೆ ಹೇಗೆ ಕೈಗೆ ಬರುತ್ತದೆ?

ಬಳಸುವ ರೀತಿ ಸುಲಭ. ಪಿನ್ ಎಳೆಯಿರಿ. ಎರಡು ಮೂರು ಮೀಟರ್ ದೂರ ನಿಂತು ಕೊಳವೆಯನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಡಿ. ಹಿಡಿಯನ್ನು ಅದುಮಿ, ಕಸ ಗುಡಿಸಿದಂತೆ ಅತ್ತಿತ್ತ ಆಡಿಸಿ. ಬಾಗಿಲು ನಿಮ್ಮ ಬೆನ್ನ ಹಿಂದಿರಲಿ. ಇನ್ನೊಂದು ಮಾತು ನೆನಪಿಡಿ: 6 ಕಿಲೋ ಸಿಲಿಂಡರ್ ಖಾಲಿಯಾಗಲು ಇಪ್ಪತ್ತು ಸೆಕೆಂಡಿನ ಆಸುಪಾಸು ಸಾಕು. ಅಷ್ಟರಲ್ಲಿ ಆರದಿದ್ದರೆ ಆ ಬೆಂಕಿ ನಮ್ಮ ಕೈ ಮೀರಿತೆಂದು ತಿಳಿದು ಹೊರಗೆ ಬಂದುಬಿಡಬೇಕು.

ಹತ್ತಿಯ ಮಾತು ಬೇರೆ

ರಾಯಚೂರಿನಿಂದ ಗದ್ವಾಲದವರೆಗೆ ನಮ್ಮದು ಹತ್ತಿಯ ಸೀಮೆ. ಅರಳೆಯ ವ್ಯವಹಾರ ಇರುವವರು ಒಂದು ವಿಷಯ ತಿಳಿದಿರಬೇಕು. ಒತ್ತಿ ಕಟ್ಟಿದ ಬೇಲಿಗೆ ಕಿಡಿ ಹೊಕ್ಕರೆ ಮೇಲೆ ಜ್ವಾಲೆ ಕಾಣುವುದಿಲ್ಲ. ಒಳಗೊಳಗೇ ಕೆಂಡವಾಗಿ ದಿನಗಟ್ಟಲೆ ಇರುತ್ತದೆ. ಮೇಲೆ ನೀರು ಹಾಕಿದರೆ ಹೊರಮೈ ತೊಯ್ಯುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ. ಅಂಥ ಬೇಲನ್ನು ಉಳಿದವುಗಳಿಂದ ದೂರ ಬಯಲಿಗೆ ಎಳೆದು, ಬಿಚ್ಚಿ, ನೀರು ಹಾಕಿ ಕೆಲವು ದಿನ ಕಾಯಬೇಕು. ಸಂಶಯ ಬಂದ ಬೇಲನ್ನು ಗೋದಾಮಿಗೆ ಮರಳಿ ತರಲೇಬಾರದು. ಬೇಲುಗಳ ಸಾಲಿನ ನಡುವೆ ಮನುಷ್ಯ ನಡೆಯುವಷ್ಟು ಸಂದು ಬಿಡುವುದು ಜಾಗ ಹಾಳು ಮಾಡಿದಂತಲ್ಲ. ಒಂದು ಸಾಲಿನ ಬೆಂಕಿ ಇನ್ನೊಂದಕ್ಕೆ ಹೋಗದಂತೆ ತಡೆಯುವುದು ಆ ಸಂದೇ.

ಎಚ್ಚರಿಸುವ ಸಾಧನ

ಗುಲ್ಜಾರ್ ಹೌಜ್‌ನ ಬೆಂಕಿಗೆ ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಹೇಳಲಾಯಿತು. ನಮ್ಮ ಹಳೆಯ ಕಟ್ಟಡಗಳ ವೈರಿಂಗ್ ಎರಡು ಫ್ಯಾನು, ನಾಲ್ಕು ಬಲ್ಬುಗಳ ಕಾಲದ್ದು. ಈಗ ಅದೇ ತಂತಿಯ ಮೇಲೆ ಎ.ಸಿ., ಫ್ರಿಜ್ಜು, ಗೀಸರು, ಸ್ಕೂಟರ್ ಚಾರ್ಜು. ಸಡಿಲವಾದ ಜೋಡಣೆ ಕಾಯುತ್ತಲೇ ಇರುತ್ತದೆ. ಲೋಡು ಹೆಚ್ಚಾದರೆ ಬೀಳುವ ಎಂಸಿಬಿ, ಕರೆಂಟು ಸೋರಿದರೆ ಬೀಳುವ ಇಎಲ್‌ಸಿಬಿ, ಇವೆರಡೂ ಇರಲಿ. ಪದೇಪದೇ ಬೀಳುತ್ತದೆ ಎಂದು ದಪ್ಪ ತಂತಿ ಸುತ್ತಿ ನೇರ ಮಾಡಬೇಡಿ. ಅದು ಬೀಳುತ್ತಿದೆ ಎಂದರೆ ನಮ್ಮನ್ನು ಎಚ್ಚರಿಸುತ್ತಿದೆ ಎಂದರ್ಥ. ಬ್ಯಾಟರಿಯಿಂದ ನಡೆಯುವ ಹೊಗೆ ಸೂಚಕವನ್ನು ಗೋದಾಮಿನ ಛಾವಣಿಗೆ ಒಂದು, ಮಲಗುವ ಕೋಣೆಯ ಹೊರಗೆ ಒಂದು ಹಾಕಿಸಿರಿ. ಹೊಗೆ ತಾಗಿದೊಡನೆ ಚೀರುತ್ತದೆ. ಮಲಗಿದವರ ಮೂಗು ಎಚ್ಚರಿರುವುದಿಲ್ಲ, ಕಿವಿ ಎಚ್ಚರಾಗುತ್ತದೆ.

ದೀಪದ ಮಾತನ್ನೂ ಹೇಳಲೇಬೇಕು. ಭಗವಾನ್ ಮಹಾವೀರರ ನಿರ್ವಾಣದ ದಿನವಾದ ದೀಪಾವಳಿಯಂದು ಅಂಗಡಿಯಲ್ಲಿ ಪೂಜೆ ಮಾಡಿ, ದೀಪ ಉರಿಯುತ್ತಿರುವಾಗಲೇ ಶಟರ್ ಎಳೆದು ಮನೆಗೆ ಹೋಗುವ ರೂಢಿ ಅನೇಕರಲ್ಲಿದೆ. ಕಪಾಟಿನ ಬಟ್ಟೆಗೂ ದೀಪಕ್ಕೂ ಗೇಣು ದೂರ ಇರುವುದಿಲ್ಲ. ದೀಪವನ್ನು ಶಾಂತ ಮಾಡಿ, ನೋಡಿ, ನಂತರ ಬೀಗ ಹಾಕಿದರೆ ಭಕ್ತಿಗೆ ಕೊರತೆಯಾಗದು. ಜೀವದಯೆ ನಮ್ಮ ಧರ್ಮದ ಮೂಲ. ಮಾಳಿಗೆಯ ಮೇಲೆ ಮಲಗಿದ ಮಕ್ಕಳೂ ಜೀವಗಳೇ ಅಲ್ಲವೇ?

ಎಲ್ಲಕ್ಕೂ ಮುಖ್ಯ: ದಾರಿ

ಕಳ್ಳರ ಭಯದಿಂದ ನಾವು ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲಿ ಬೆಸುಗೆ ಹಾಕಿಸಿದ್ದೇವೆ. ಮೆಟ್ಟಿಲಿನ ಬುಡದಲ್ಲಿ ಕೊಲಾಪ್ಸಿಬಲ್ ಗೇಟು, ಅದಕ್ಕೆ ಬೀಗ. ಮೇಲಿನ ಗಚ್ಚಿಯ ಬಾಗಿಲಿಗೆ ಇನ್ನೊಂದು ಬೀಗ, ಅದರ ಕೀಲಿ ಎಲ್ಲಿದೆಯೋ ಮನೆಯ ಹಿರಿಯರಿಗೆ ಮಾತ್ರ ಗೊತ್ತು. ಮೆಟ್ಟಿಲಿನ ಮೇಲೆ ಹಳೆಯ ರಟ್ಟಿನ ಪೆಟ್ಟಿಗೆಗಳು. ಕಳ್ಳ ಒಳಗೆ ಬಾರದ ಮನೆಯಿಂದ ನಾವೂ ಹೊರಗೆ ಹೋಗಲಾರೆವು. ಆದ್ದರಿಂದ ಈ ಕೆಳಗಿನ ಕೆಲಸಗಳನ್ನು ಈ ವಾರವೇ ಮಾಡಿರೆಂದು ವಿನಂತಿ:

1. ಪ್ರತಿ ಅಂತಸ್ತಿನಲ್ಲಿ ಒಂದು ಕಿಟಕಿಯ ಜಾಲಿಯನ್ನಾದರೂ ಒಳಗಿನಿಂದ ತೆರೆಯುವ ಕದದಂತೆ ಮಾಡಿಸಿರಿ.

2. ಗೇಟು ಮತ್ತು ಗಚ್ಚಿಯ ಕೀಲಿ ಬಾಗಿಲ ಹತ್ತಿರವೇ ಮೊಳೆಗೆ ತೂಗಿರಲಿ. ಮನೆಯ ಸೊಸೆಯಂದಿರಿಗೂ ಮಕ್ಕಳಿಗೂ ಜಾಗ ಗೊತ್ತಿರಲಿ.

3. ಅಂಗಡಿಗೂ ಮನೆಯ ಮೆಟ್ಟಿಲಿಗೂ ನಡುವೆ ಬಾಗಿಲು ಇರಲಿ, ರಾತ್ರಿ ಮುಚ್ಚಿರಲಿ. ಹೊಸದಾಗಿ ಕಟ್ಟುವವರು ಮನೆಯ ಮೆಟ್ಟಿಲನ್ನು ಹೊರಗಿನಿಂದಲೇ ಬೇರೆ ಇಡಿಸಿರಿ.

4. ಮೆಟ್ಟಿಲ ಕೆಳಗೆ ಮಾಲು, ಗ್ಯಾಸ್ ಸಿಲಿಂಡರ್, ಚಾರ್ಜಿಗೆ ಹಾಕಿದ ಸ್ಕೂಟರ್ ಬೇಡ.

5. ಸಿಲಿಂಡರಿನ ಮುಳ್ಳನ್ನು ತಿಂಗಳಿಗೊಮ್ಮೆ ನೋಡಿರಿ, ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಿರಿ.

6. ಅಡುಗೆಮನೆಯಲ್ಲಿ ಎಣ್ಣೆ ಹೊತ್ತಿದರೆ ನೀರು ಹಾಕಲೇಬೇಡಿ. ಒಲೆ ಆರಿಸಿ, ತಟ್ಟೆ ಮುಚ್ಚಿರಿ.

7. ಹೊಗೆ ತುಂಬಿದರೆ ಬಗ್ಗಿ ತೆವಳಿ ಹೊರಗೆ ಬನ್ನಿ. ದಾರಿ ಇಲ್ಲದಿದ್ದರೆ ಕೋಣೆಯ ಬಾಗಿಲು ಮುಚ್ಚಿ ಸಂದಿಗೆ ಒದ್ದೆ ಬಟ್ಟೆ ತುರುಕಿ, ಬೀದಿಯ ಕಿಟಕಿಯಲ್ಲಿ ನಿಂತು ಕೂಗಿರಿ. 101 ಅಥವಾ 112ಕ್ಕೆ ಫೋನ್ ಮಾಡಿ ಓಣಿಯ ಗುರುತು ಹೇಳಿರಿ.

8. ಒಮ್ಮೆ ಹೊರಗೆ ಬಂದವರು ಬಂಗಾರಕ್ಕೆಂದು, ಖಾತೆ ಪುಸ್ತಕಕ್ಕೆಂದು ಮರಳಿ ಒಳಗೆ ಹೋಗಬಾರದು.

ಅಗ್ನಿಶಾಮಕ ಬಂಡಿ ಎಷ್ಟು ಬೇಗ ಹೊರಟರೂ ನಮ್ಮ ಹಳೆಯ ಓಣಿಗಳಲ್ಲಿ ಅದು ಕೊನೆಯ ತಿರುವಿನಲ್ಲಿ ನಿಲ್ಲಬೇಕಾಗುತ್ತದೆ. ಬೈಕು, ತಳ್ಳುಗಾಡಿ, ಮುಂದಕ್ಕೆ ಚಾಚಿದ ಕಟ್ಟೆ, ಇವೆಲ್ಲ ನಾವೇ ಇಟ್ಟವು. ಬಜಾರಿನವರೆಲ್ಲ ಸೇರಿ ಬಂಡಿ ಬರುವಷ್ಟು ದಾರಿ ಬಿಟ್ಟರೆ ಯಾರ ವ್ಯಾಪಾರವೂ ಕಡಿಮೆಯಾಗುವುದಿಲ್ಲ.

ಸಮಾಜದ ಭವನಗಳ ಕಾರ್ಯಕರ್ತರಲ್ಲಿಯೂ ಒಂದು ಅರಿಕೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ಸಮಾರಂಭದ ಶಾಮಿಯಾನಕ್ಕೆ ಬೆಂಕಿ ಬಿದ್ದು ನಾನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. ಚಾತುರ್ಮಾಸದ ಪ್ರವಚನವಿರಲಿ, ಮದುವೆಯಿರಲಿ, ಜನ ಕೂಡಿದಾಗ ಎರಡು ಕಡೆಯ ಬಾಗಿಲುಗಳು ತೆರೆದಿರಲಿ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಇನ್ನೂ ಉತ್ತಮ. ನೂಕುನುಗ್ಗಲಿನಲ್ಲಿ ಒಳಕ್ಕೆ ಎಳೆಯುವ ಬಾಗಿಲು ತೆರೆಯುವುದೇ ಇಲ್ಲ.

ವಿಮೆ ಮಾಡಿಸಿದ್ದೇವೆ, ಚಿಂತೆಯಿಲ್ಲ ಎನ್ನುವವರಿದ್ದಾರೆ. ವಿಮೆ ಮಾಡಿಸಲೇಬೇಕು. ಆದರೆ ಅದು ಮಾಲಿನ ನಷ್ಟ ತುಂಬೀತು, ಉಸಿರಿನ ನಷ್ಟ ತುಂಬಲಾರದು. ಊರಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ಹಿರಿಯರು ನಮಗಾಗಿಯೇ ಹೇಳಿದ್ದು. ಬರುವ ದೀಪಾವಳಿಗೆ ಹೊಸ ಖಾತೆ ಪುಸ್ತಕ ತರುವಾಗ ಸಿಲಿಂಡರಿನ ಮುಳ್ಳನ್ನೂ ಗಚ್ಚಿಯ ಬೀಗವನ್ನೂ ಒಮ್ಮೆ ನೋಡಿರಿ. ಈ ಪುಟ ಓದಿ ಮುಗಿಸಿದೊಡನೆ ಎದ್ದು, ನಿಮ್ಮ ಮೆಟ್ಟಿಲಿನ ಮೇಲೆ ಏನೇನು ಇಟ್ಟಿದ್ದೀರಿ ಎಂದು ನೋಡಿ, ಒಂದು ಪೆಟ್ಟಿಗೆಯನ್ನಾದರೂ ತೆಗೆದರೆ ಈ ತಿಂಗಳ ಬರಹ ಸಾರ್ಥಕ.